ಸುಳಿ ಬಿಟ್ಟು ಕೊಯ್ಯುವುದು

ಫೆಬ್ರವರಿ ೧೮

ಪ್ರೀತಿಯ ತಂಗಿಗೆ,

ಸುಖವಾಗಿ ತಲುಪಿದೆ. ಹಾಸ್ಟೆಲಿನ ಕೋಣೆಯಲ್ಲಿ ಮೂರು ಮಂಚ, ಎರಡು ಕಪಾಟು, ನಾನು ಮೂರನೆಯವಳು. ಹಾಗಾಗಿ ನನ್ನ ಬಟ್ಟೆಯೆಲ್ಲ ಇನ್ನೂ ಪೆಟ್ಟಿಗೆಯಲ್ಲೇ ಇದೆ. ದೊಡ್ಡಾಸ್ಪತ್ರೆ ಎಂದರೆ ದೊಡ್ಡದೇ, ಆಪರೇಷನ್ ಥಿಯೇಟರುಗಳೇ ಹನ್ನೆರಡು. ಇಪ್ಪತ್ತು ವರ್ಷ ನರ್ಸ್ ಆಗಿದ್ದವಳಿಗೆ ಇಲ್ಲಿ ಕತ್ತರಿ, ಚಿಮಟಗಳ ಹೆಸರು ಹೇಳಿಕೊಡುವುದರಿಂದ ಶುರುಮಾಡಿದ್ದಾರೆ. ತರಬೇತಿಯ ನಾಲ್ಕು ತಿಂಗಳು ಹೀಗೇ ಕಳೆಯಬೇಕು. ಫೋನು ಇರುವುದು ಕೆಳಗೆ ಮೆಟ್ಟಿಲ ಹತ್ತಿರ ಒಂದೇ, ಅದಕ್ಕೂ ಸಾಲು. ಕಾಗದವೇ ವಾಸಿ.

ಈಗ ಹಿತ್ತಲ ವಿಷಯ. ನಾನು ಹೊರಟಾಗ ಆರೂ ಪಾತಿಯಲ್ಲಿ ಸಸಿ ಎದ್ದಿದ್ದವು. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ನೀರು ಹಾಕು. ಬಕೆಟ್ ಎತ್ತಿ ಸುರಿಯಬೇಡ, ಬೇರು ಮೇಲೆದ್ದು ಬರುತ್ತದೆ. ಪಾತಿಯ ಮೇಲೆ ಕಾಲಿಡಬೇಡ. ನೀನು ಮಹಡಿ ಮನೆಯಲ್ಲಿ ಬೆಳೆದವಳು, ಹೊಲಿಗೆ ಯಂತ್ರದ ಮುಂದೆ ಕೂತವಳು, ಮಣ್ಣನ್ನು ಕಂಡರೆ ಬಟ್ಟೆಗೆ ಕಲೆಯಾದೀತು ಎಂಬ ಯೋಚನೆಯೇ ಮೊದಲು ಬರುತ್ತದೆ ಎಂದು ಗೊತ್ತು. ಈ ಮನೆಗೆ ಬಂದು ಎರಡು ವರ್ಷವೂ ಆಗದ ಓರಗಿತ್ತಿಯ ತಲೆಗೆ ಇಷ್ಟು ಕಟ್ಟಿ ಬಂದಿದ್ದೇನೆ. ಉಳಿದರೆ ಸರಿ, ಹೋದರೆ ನಿನ್ನನ್ನು ಬೈಯುವುದಿಲ್ಲ.

ಅತ್ತೆಗೆ ಸೊಪ್ಪು ಬಡಿಸಿ ಬೇಸರ ಮಾಡಿಕೊಳ್ಳಬೇಡ. ಹನ್ನೊಂದು ವರ್ಷದಿಂದ ನಾನು ಬೆಳೆಯುತ್ತಿದ್ದೇನೆ, ಅವರು ತಟ್ಟೆಯ ಅಂಚಿಗೆ ಸರಿಸುತ್ತಿದ್ದಾರೆ. "ನಾನೇನು ಮೇಕೆನಾ?" ಎನ್ನುವುದು ಬಿಟ್ಟರೆ ಬೇರೆ ಮಾತು ಕೇಳಿಲ್ಲ. ಒಂದು ಸಲ ಚೆನ್ನಾಗಿದೆ ಅಂದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು, ಕಣ್ಣಿಗೆ ತಪ್ಪಷ್ಟೇ ಕಾಣುತ್ತದೆ. ಈ ಜ್ವರ ಬಿಟ್ಟ ಮೇಲಂತೂ ಊಟವೇ ಬೇಡ ಅನ್ನುತ್ತಾರೆ. ನಿನ್ನ ಕೈಲಾದಷ್ಟು ತಿನ್ನಿಸು.

ಇಂತಿ,
ಅಕ್ಕ

ಮಾರ್ಚ್ ೬

ಅಕ್ಕನಿಗೆ ನಮಸ್ಕಾರ.

ನಿಮ್ಮ ಹಿತ್ತಲು ಹೋಗಿಲ್ಲ, ಇದ್ದಲ್ಲೇ ಇದೆ. ಲೆಟ್ಯೂಸ್ ಒಂದೊಂದು ಬೊಗಸೆಯಷ್ಟು ಅಗಲವಾಗಿದೆ. ಸಬ್ಬಸಿಗೆ ನನ್ನ ಗೇಣು ದಾಟಿದೆ. ಪಾಲಕ್ ಎಲೆಯ ಮೇಲೆ ಬೆರಳಾಡಿಸಿದರೆ ಹೊಸ ಬಟ್ಟೆಯ ಹಾಗೆ ಸದ್ದು ಮಾಡುತ್ತದೆ.

ಇವತ್ತು ಮೊದಲ ಕೊಯ್ಲು ಮಾಡಿದೆ. ಲೆಟ್ಯೂಸಿನ ಹೊರಗಿನ ಎಲೆಗಳನ್ನಷ್ಟೇ ತೆಗೆದೆ, ಒಳಗಿನ ಸುಳಿ ಮುಟ್ಟಲಿಲ್ಲ. ತಣ್ಣೀರಿನಲ್ಲಿ ಅದ್ದಿ, ಅಂಗಿಗೆ ತಂದಿದ್ದ ತೆಳು ಬಟ್ಟೆಯ ತುಂಡಿನಲ್ಲಿ ಕಟ್ಟಿ ಒದರಿದೆ. ಪುದೀನ, ಸಬ್ಬಸಿಗೆ ಕೈಯಲ್ಲೇ ಹರಿದು ಹಾಕಿದೆ. ಮೂಲಂಗಿ ತೆಳ್ಳಗೆ ಹೆಚ್ಚಿ, ಉಪ್ಪು, ನಿಂಬೆರಸ, ಒಂದು ಚಮಚ ಎಣ್ಣೆ ಹಾಕಿ ಕಲಸಿದೆ. ಅಷ್ಟೇ.

ಅತ್ತೆ ತಿಂದರು. ಅಂಚಿಗೆ ಸರಿಸಲಿಲ್ಲ. ಮತ್ತೊಂದು ಸಲ ಹಾಕಿಸಿಕೊಂಡರು. ಭಾವ ಚಮಚ ಕೈಯಲ್ಲೇ ಹಿಡಿದು ನೋಡುತ್ತಾ, "ಅಮ್ಮ ಸೊಪ್ಪು ತಿಂತಿದಾಳೆ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ ನೋಡ್ರಪ್ಪಾ" ಎಂದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಈಗ ಸೂಜಿ ಎಂದು ಹೆಸರಿಟ್ಟಿದ್ದಾರೆ.

ನಿಮಗೆ ಖುಷಿಯಾಗುತ್ತದೆ ಎಂದು ಕೈ ಒರೆಸಿಕೊಂಡವಳೇ ಬರೆಯಲು ಕೂತೆ.

ನಿಮ್ಮ ತಂಗಿ

ಮಾರ್ಚ್ ೧೨

ತಂಗೀ,

ಖುಷಿಯಾಯಿತು. ಆಗದೆ ಏನು.

ಜ್ವರ ಬಿಟ್ಟವರ ನಾಲಿಗೆ ಹುಳಿ ಕೇಳುತ್ತದೆ, ವಾರ್ಡಿನಲ್ಲಿ ದಿನಾ ನೋಡುತ್ತೇವೆ. ಆ ದಿನ ಕೆಲಸ ಮಾಡಿದ್ದು ನಿಂಬೆರಸ ಇರಬೇಕು. ಹಾಗೆಂದು ನಿನ್ನ ಉತ್ಸಾಹ ಕಡಿಮೆಮಾಡಲು ಹೇಳುತ್ತಿಲ್ಲ. ಎಣ್ಣೆ ಯಾವುದು, ನಾನು ಮೇಲಿನ ಗೂಡಿನಲ್ಲಿಟ್ಟ ಸೀಸೆಯದು ತಾನೇ? ಅದನ್ನು ದಿನಾ ಬಳಸಬೇಡ. ಎರಡನೇ ಸಲ ಹಾಕಿಸಿಕೊಂಡರು ಅಂದೆ, ಅವರೇ ಕೇಳಿದರೋ, ನೀನೇ ಹಾಕಿದೆಯೋ? ಪೂರ್ತಿ ತಿಂದರೋ, ಬಿಟ್ಟರೋ?

ಇನ್ನೊಂದು. ಸುಳಿ ಬಿಟ್ಟು ಕೊಯ್ಯಬೇಕು ಎಂದು ನಿನಗೆ ಯಾರು ಹೇಳಿದರು? ನಾನು ಹೇಳಿದ ನೆನಪಿಲ್ಲ. ಹೇಳಬೇಕು ಎಂದುಕೊಂಡು ಗಾಡಿಯ ಗಡಿಬಿಡಿಯಲ್ಲಿ ಮರೆತಿದ್ದೆ.

ಇಲ್ಲಿ ಮೆಸ್ಸಿನಲ್ಲಿ ಸೊಪ್ಪು ಎಂದರೆ ಬೆಂದು ಬೆಂದು ಬಣ್ಣ ಬಿಟ್ಟದ್ದು. ನನ್ನ ಪಕ್ಕದ ಮಂಚದವಳು ನನ್ನ ಹಿತ್ತಲ ವರ್ಣನೆ ಕೇಳಿ ಕೇಳಿ ಸಾಕಾಗಿ ಈಗ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ನಿನಗೇನು, ಹೆಣೆದಿಟ್ಟ ಹೂವನ್ನು ಮುಡಿದ ಹಾಗಾಯಿತು. ತಮಾಷೆಗೆ ಹೇಳಿದೆ.

ಅತ್ತೆ ನನ್ನ ವಿಷಯ ಏನಾದರೂ ಕೇಳಿದರೇ?

ಅಕ್ಕ

ಮಾರ್ಚ್ ೨೨

ಅಕ್ಕಾ,

ಕೆಲಸ ಹೆಚ್ಚಿತ್ತು, ತಡವಾಯಿತು. ಶಾಲೆಯ ಸಮವಸ್ತ್ರ ನಲವತ್ತು ಜೊತೆ ಒಪ್ಪಿಕೊಂಡಿದ್ದೇನೆ.

ಎಣ್ಣೆ ನಿಮ್ಮ ಸೀಸೆಯದಲ್ಲ, ನಾನು ತಂದದ್ದು. ಅತ್ತೆ ತಾವೇ ಕೇಳಿ ಹಾಕಿಸಿಕೊಂಡರು. ಬಟ್ಟಲು ಒರೆಸಿದ ಹಾಗಿತ್ತು. ಸುಳಿ ಬಿಡಬೇಕು ಎಂದು ಯಾರೂ ಹೇಳಬೇಕಾಗಲಿಲ್ಲ, ಕೈಗೇ ತೋಚಿತು. ಮೊನ್ನೆ ಅತ್ತೆಯ ಬಾಯಲ್ಲಿ ಕೈಗುಣ ಅನ್ನುವ ಮಾತೇ ಬಂತು. ಅವರ ಬಾಯಲ್ಲಿ ಹೊಗಳಿಕೆ ಕೇಳಿ ನನಗೇ ಗಾಬರಿಯಾಯಿತು.

ಈಗ ಅವರ ಕುರ್ಚಿಯೇ ಹಿತ್ತಲಿಗೆ ಬಂದಿದೆ. ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಹೊರಟರೆ ಅವರೂ ಶಾಲು ಹೊದ್ದು ಬಂದು ಕೂರುತ್ತಾರೆ. ನಾನು ಕೊಯ್ಯುತ್ತೇನೆ, ಅವರು ನೋಡುತ್ತಾರೆ. ಬೇರೆ ಯಾರಿಗೂ ಆ ಹೊತ್ತಿನಲ್ಲಿ ಪ್ರವೇಶವಿಲ್ಲ. ಡಾಕ್ಟರ್ ತೂಕ ನೋಡಿದರು, ಒಂದೂವರೆ ಕಿಲೋ ಏರಿದೆ. ಸೊಪ್ಪೇ ಮದ್ದು ಅಂದರಂತೆ. ಎದುರು ಮನೆಯ ಸಂಗೀತದ ಮೇಷ್ಟರು ಪುದೀನದ ವಾಸನೆಗೆ ಗೇಟಿನವರೆಗೆ ಬಂದು ಒಂದು ಕಟ್ಟು ಕೇಳಿ ಒಯ್ದರು. ಕಾಮಕಸ್ತೂರಿಗೆ ಹೂ ಬರುತ್ತಿತ್ತು, ತುದಿ ಚಿವುಟಿದೆ. ಕೊತ್ತಂಬರಿಯನ್ನು ಎರಡು ದಿನಕ್ಕೊಮ್ಮೆ ತೆಗೆಯುತ್ತಿದ್ದೇನೆ.

ನೀವು ನಿಶ್ಚಿಂತೆಯಿಂದ ಕಲಿಯಿರಿ. ಮನೆಯ ಕಡೆಯ ಯೋಚನೆಯೇ ಬೇಡ. ನೀವಿಲ್ಲದೆ ಹೇಗೋ ಏನೋ ಎಂದು ಹೆದರಿದ್ದೆ, ಎಲ್ಲ ನಡೆದುಕೊಂಡು ಹೋಗುತ್ತಿದೆ.

ನಿಮ್ಮ ತಂಗಿ

ಮಾರ್ಚ್ ೨೮

ತಂಗೀ,

ನಿನ್ನ ಕಾಗದ ಮೂರು ಸಲ ಓದಿದೆ. ಕೊನೆಗೆ ಮಡಿಸಿ ದಿಂಬಿನ ಕೆಳಗಿಟ್ಟರೆ ಅದೂ ಚುಚ್ಚುತ್ತಿತ್ತು, ಪೆಟ್ಟಿಗೆಗೆ ಹಾಕಿದೆ.

ಕೈಗುಣ! ಒಳ್ಳೆಯದು. ಕಲ್ಲು ಆರಿಸಿದ್ದು ನಾನು, ಮಣ್ಣು ಹೊತ್ತದ್ದು ನಾನು, ಮದುವೆಯಾದ ಮೊದಲ ವರ್ಷ ಅಂಗೈ ಬೊಬ್ಬೆ ಎದ್ದದ್ದು ನನಗೆ. ಆ ಹಿತ್ತಲಲ್ಲಿ ಆಗ ಇದ್ದದ್ದು ಮುರಿದ ಹೆಂಚು, ಒಂದು ತುಕ್ಕು ಹಿಡಿದ ಸೈಕಲ್. ಈಗ ಕೈಗುಣ ನಿನ್ನದಂತೆ. ನನಗೆ ಹೊಟ್ಟೆಕಿಚ್ಚು ಎಂದುಕೊಳ್ಳಬೇಡ. ಕೊಡುವವನು ಯಾರ ಕೈಗೆ ಏನು ಕೊಟ್ಟಿರುತ್ತಾನೋ ಯಾರಿಗೆ ಗೊತ್ತು. ನಾನು ಇದ್ದಾಗ ಅತ್ತೆ ಹಿತ್ತಲ ಬಾಗಿಲು ದಾಟಿದವರಲ್ಲ, ಅಷ್ಟೇ ಹೇಳಿದೆ. ಮೇಟ್ರನ್ ಇನ್ನೂ ಆರು ತಿಂಗಳು ಇಲ್ಲೇ ಇರುತ್ತೀಯಾ ಎಂದು ಕೇಳಿದ್ದಾರೆ. ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ. ನೀನು ಹೇಳುವುದು ನೋಡಿದರೆ ಅಲ್ಲಿ ನನಗೇನು ಕೆಲಸ?

ಇರಲಿ, ಒಂದು ಮುಖ್ಯ ವಿಷಯ. ಬಿಸಿಲು ಬಲಿಯುವ ಮೊದಲು ಒಂದು ದೊಡ್ಡ ಕೊಯ್ಲು ಮಾಡಬೇಕು. ಹೊರಗಿನ ಎಲೆಯನ್ನೇ ಬಿಡಿಸುತ್ತಾ ಕೂತರೆ ಗಿಡ ಮುದಿಯಾಗಿ ಎಲೆ ಕಹಿಯಾಗುತ್ತದೆ. ಆರೂ ಪಾತಿಯನ್ನು ಒಂದೇ ದಿನ, ಸುಳಿ ಸಮೇತ, ನೆಲಮಟ್ಟಕ್ಕೆ ಕೊಯ್ದುಬಿಡು. ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುವುದಿಲ್ಲವೇ, ಹಾಗೆ ಹತ್ತು ದಿನದಲ್ಲಿ ಎರಡರಷ್ಟು ಚಿಗುರುತ್ತದೆ. ಇದು ಕೈಗೆ ತಾನಾಗಿ ತೋಚುವಂಥದ್ದಲ್ಲ, ಅನುಭವದಿಂದ ಬರುವಂಥದ್ದು. ಆದ್ದರಿಂದ ಹೇಳುತ್ತಿದ್ದೇನೆ.

ಅಕ್ಕ

ಏಪ್ರಿಲ್ ೧೧

ತಂಗೀ,

ಎರಡು ವಾರವಾಯಿತು, ನಿನ್ನಿಂದ ಒಂದು ಗೆರೆಯೂ ಇಲ್ಲ. ಸಮವಸ್ತ್ರದ ಕೆಲಸ ಮುಗಿಯಲಿಲ್ಲವೇ? ಮೊನ್ನೆ ನಾಲ್ಕು ಸಲ ಕೆಳಗಿಳಿದು ಟಪಾಲು ನೋಡಿ ಬಂದೆ. ಕಾವಲುಗಾರ ನನ್ನನ್ನು ಕಂಡ ಕೂಡಲೇ ಕೈ ಅಲ್ಲಾಡಿಸುತ್ತಾನೆ. ಒಮ್ಮೆ ಫೋನಿನ ಸಾಲಿನಲ್ಲೂ ನಿಂತೆ, ನನ್ನ ಸರದಿ ಬರುವ ಹೊತ್ತಿಗೆ ಏನು ಕೇಳಬೇಕು ಎಂದೇ ತಿಳಿಯದೆ ವಾಪಸು ಬಂದೆ.

ಆ ದೊಡ್ಡ ಕೊಯ್ಲು ಅಂದೆನಲ್ಲ, ಅದನ್ನು ಮಾಡಲೇಬೇಕು ಎಂದೇನೂ ಇಲ್ಲ. ಕೆಲವರು ಮಾಡುತ್ತಾರೆ, ಕೆಲವರು ಮಾಡುವುದಿಲ್ಲ. ಇನ್ನೂ ಮಾಡಿಲ್ಲದಿದ್ದರೆ ಬಿಟ್ಟುಬಿಡು. ಮಾಡಿದ್ದರೆ ಹೇಗಿದೆ ತಿಳಿಸು.

ಅತ್ತೆ ತಿನ್ನುತ್ತಿದ್ದಾರೆ ತಾನೇ?

ಅಕ್ಕ

ಏಪ್ರಿಲ್ ೧೫

ಅಕ್ಕಾ,

ನಿಮ್ಮ ಎರಡೂ ಕಾಗದ ತಲುಪಿವೆ. ಮೊದಲನೆಯದನ್ನು ಇದರ ಜೊತೆಗೇ ವಾಪಸು ಇಟ್ಟಿದ್ದೇನೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಕೊಯ್ದೆ. ಏಪ್ರಿಲ್ ಎರಡರಂದು. ಅತ್ತೆಯನ್ನು ಭಾವ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದರು, ಅದೇ ಸಮಯ ನೋಡಿ ಕೊಯ್ದೆ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು, ಗುರುತು ಹಾಕಿದ ಬಟ್ಟೆಯನ್ನು ಕತ್ತರಿಸಿದ ಹಾಗೆ ಆರೂ ಪಾತಿಯನ್ನು ನೇರವಾಗಿ ನೆಲಮಟ್ಟ ಮಾಡಿದೆ. ನಾಲ್ಕು ಬುಟ್ಟಿ ಸೊಪ್ಪಾಯಿತು. ಬೀದಿಗೆಲ್ಲ ಹಂಚಿದೆ. ಅತ್ತೆ ಬಂದು ಹಿತ್ತಲ ಬಾಗಿಲಲ್ಲಿ ನಿಂತರು. ಬಹಳ ಹೊತ್ತು ನಿಂತರು.

ಹತ್ತು ದಿನದಲ್ಲಿ ಚಿಗುರಲಿಲ್ಲ. ಲೆಟ್ಯೂಸಿನ ಬುಡಗಳು ಕೊಳೆತವು. ಪಾಲಕ್, ಸಬ್ಬಸಿಗೆ ಒಣಗಿದವು. ಪುದೀನ ಮಾತ್ರ ಚಿಗುರಿದೆ, ಅದಕ್ಕೆ ಯಾರು ಏನು ಮಾಡಿದರೂ ಚಿಗುರುತ್ತದಂತೆ. ಅಂಗಡಿಯಿಂದ ಸೊಪ್ಪು ತಂದು ಕಲಸಿಟ್ಟರೆ ಅತ್ತೆ ಒಂದೆಲೆ ಬಾಯಿಗಿಟ್ಟು ತಟ್ಟೆ ತಳ್ಳಿದರು. ಈಗ ಹಾಲು, ಒಂದು ಚೂರು ಬ್ರೆಡ್ಡು, ಅಷ್ಟೇ. ಏರಿದ ಒಂದೂವರೆ ಕಿಲೋದಲ್ಲಿ ಒಂದು ಕಿಲೋ ಇಳಿದಿದೆ. ನರ್ಸಮ್ಮನವರು ಬರೆದುಕೊಳ್ಳಲಿ.

ಮೊನ್ನೆ ಅತ್ತೆ ನಿಮ್ಮ ಕಾಗದ ಕೇಳಿದರು. ಕೊಡಲು ಮನಸ್ಸಿರಲಿಲ್ಲ, ಕೊಟ್ಟೆ. ಕನ್ನಡಕ ಹಾಕಿಕೊಂಡು ಕೆಂಪು ಪೆನ್ಸಿಲ್ ಹುಡುಕಿ ಮೇಜಿನ ಮುಂದೆ ಕೂತರು. ಮೊದಲಿಂದ ಕೊನೆಯವರೆಗೆ ಓದಿ, ಒಂದು ಕಡೆ ಗೆರೆ ಎಳೆದು, ಪಕ್ಕದಲ್ಲಿ ತಿದ್ದಿ ಬರೆದರು. ನೀವೇ ನೋಡಿ. "ಸುಳಿ ಸಮೇತ, ನೆಲಮಟ್ಟಕ್ಕೆ" ಎನ್ನುವುದನ್ನು ಹೊಡೆದು "ಹೊರಗಿನ ಎಲೆ ಮಾತ್ರ, ಸುಳಿ ಬಿಟ್ಟು" ಎಂದು ಅಂಚಿನಲ್ಲಿ ಹಾಕಿದ್ದಾರೆ. ಪ್ರೆಸ್ಸಿನಲ್ಲಿ ಮಾಡುತ್ತಿದ್ದ ಹಾಗೇ ಪುಟದ ಕೆಳಗೆ ಸಹಿ, ತಾರೀಕು. ನಾನು ನಿಮ್ಮ ಪರವಾಗಿ, ಅಕ್ಕನಿಗೂ ಒಂದೊಂದು ಸಲ ತಪ್ಪಾಗಬಹುದು ಎಂದೆ.

"ಗೊತ್ತಿಲ್ದೆ ಬರೆದಿದ್ದಲ್ಲ ಇದು," ಎಂದರು. "ಹನ್ನೊಂದು ವರ್ಷ ನನ್ನ ಕಿಟಕಿಯಿಂದ ನೋಡಿದೀನಿ. ಒಂದು ಸುಳಿ ಮುಟ್ಟಿದೋಳಲ್ಲ ಅವಳು."

ಅಕ್ಕಾ, ನಾನೂ ಸುಳ್ಳು ಬರೆದಿದ್ದೇನೆ. ನನ್ನ ಕೈಗೆ ಏನೂ ತೋಚಿರಲಿಲ್ಲ. ಮೊದಲ ದಿನ ನಾನು ಗಿಡವನ್ನು ಬುಡದಲ್ಲಿ ಹಿಡಿದು ಕೀಳಲು ಹೋದಾಗ ಅತ್ತೆ ಒಳಗಿನಿಂದ ಕೂಗಿ, ಬರಿಗಾಲಲ್ಲಿ ಓಡಿ ಬಂದರು. ಜ್ವರ ಬಂದ ಮೇಲೆ ಅವರು ಅಷ್ಟು ಜೋರಾಗಿ ನಡೆದದ್ದು ಅದೇ ಮೊದಲು. ಅಂದಿನಿಂದ ಕುರ್ಚಿ ಬಂದದ್ದು ನನ್ನನ್ನು ಮೆಚ್ಚಿ ಅಲ್ಲ, ಕಾಯಲು. "ಅವಳು ಹೀಗೆ ಹಿಡೀತಿರಲಿಲ್ಲ. ಅವಳು ಪುದೀನಾನ ಎರಡೆಲೆ ಮೇಲೆ ಕತ್ತರಿಸ್ತಿದ್ಲು. ಅವಳು ಇಬ್ಬನಿ ಆರೋ ಮೊದ್ಲೇ ಮುಗಿಸ್ತಿದ್ಲು." ಬೆಳಗಾದರೆ ಇದೇ ಸುಪ್ರಭಾತ. ಕೈಗುಣ ಎಂಬ ಮಾತು ಬಂದದ್ದು ನಿಜ, ಅದು ನಿಮ್ಮ ವಿಷಯಕ್ಕೆ ಬಂದದ್ದು. ನನಗೆ ಸಿಕ್ಕಿದ್ದು ಸೂಜಿ ಎಂಬ ಹೆಸರು, ನಿಮ್ಮ ಗಿಡಗಳನ್ನು ಚುಚ್ಚುತ್ತೇನಂತೆ. ಯಾಕೆ ತಿಂದರು ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಡಾಕ್ಟರ್ ಹೇಳಿದ್ದಕ್ಕೋ, ನಿಮ್ಮ ನೆನಪಿಗೋ, ನನ್ನನ್ನು ಬೈಯಲು ಬಾಯಿ ಹದ ಮಾಡಿಕೊಳ್ಳಲೋ.

ನಿಮ್ಮ ವಿಷಯ ಕೇಳಿದರೇ ಎಂದಿರಿ. ದಿನಾ ನಿಮ್ಮದೇ ವಿಷಯ. ಅದನ್ನು ನಿಮಗೆ ಬರೆಯಲು ನನ್ನ ಕೈ ಬರಲಿಲ್ಲ. ನೀವು ದೂರದಲ್ಲಿದ್ದೂ ಹಿತ್ತಲಲ್ಲಿ ನನಗಿಂತ ಮುಂಚೆ ಬಂದು ನಿಂತಿರುತ್ತಿದ್ದಿರಿ. ನನ್ನ ಹೊಟ್ಟೆಯೂ ಉರಿಯಿತು. ಆದ್ದರಿಂದಲೇ ನಿಮ್ಮ ದೊಡ್ಡ ಕೊಯ್ಲಿನ ಕಾಗದ ಬಂದಾಗ ಕುಣಿದಾಡಿದೆ. ಅತ್ತೆ ಕಿಟಕಿಯಿಂದ ನೋಡದ ಒಂದು ವಿಷಯ ನನಗೆ ಗೊತ್ತಾಯಿತು ಎಂದುಕೊಂಡೆ. ಅವರನ್ನು ಕೇಳಿದ್ದರೆ ಆರೂ ಪಾತಿ ಉಳಿಯುತ್ತಿತ್ತು. ಕೇಳಬಾರದು ಎಂದೇ ಅವರು ಹೊರಗೆ ಹೋಗುವ ದಿನ ಕಾದೆ.

ಇಷ್ಟೆಲ್ಲ ಆದ ಮೇಲೆ ನಾನು ಅತ್ತೆಯನ್ನು ಕೇಳಿಯೇಬಿಟ್ಟೆ, ಅಷ್ಟು ಮೆಚ್ಚಿದ್ದವರು ಅಕ್ಕನಿಗೆ ಒಂದು ಮಾತು ಹೇಳಲಿಲ್ಲ ಯಾಕೆ ಎಂದು. ಪೆನ್ಸಿಲ್ ಮೊನೆ ನೋಡಿಕೊಳ್ಳುತ್ತಾ ಹೇಳಿದರು:

"ಸರಿ ಇರೋ ಸಾಲಿಗೆ ಯಾರಾದ್ರೂ ಗುರುತು ಹಾಕ್ತಾರೇನೆ?"

ಒಂದು ಕೇಳುತ್ತೇನೆ. ನೀವು ಬಂದ ಮೇಲೆ ಎಲ್ಲ ಪಾತಿಯನ್ನೂ ವಾಪಸು ಕೊಡಲಾರೆ. ಇಷ್ಟು ಬೈಸಿಕೊಂಡು ಕಲಿತಿದ್ದೇನೆ, ಒಂದು ನನಗೆ ಬೇಕು. ಯಾವುದು ಎಂದು ನೀವೇ ಹೇಳಿ. ಹೇಳದಿದ್ದರೆ ಜಗಳವಾಡುತ್ತೇನೆ, ಇನ್ನು ಕಾಗದದಲ್ಲಿ ಸಿಹಿಯಾಗಿ ಬರೆಯುವ ಶಕ್ತಿಯಿಲ್ಲ.

ನಿಮ್ಮ ತಂಗಿ

ಏಪ್ರಿಲ್ ೧೯

ತಂಗೀ,

ಇದನ್ನು ಅತ್ತೆಗೂ ಓದಿ ಹೇಳು. ಬೇಡ, ಅವರ ಕೈಗೇ ಕೊಡು, ಪೆನ್ಸಿಲ್ ಸಮೇತ.

ಅತ್ತೆ, ಬೇಕೆಂದೇ ಬರೆದೆ. ಗೊತ್ತಿದ್ದೇ ಬರೆದೆ. ಗಿಡ ಸತ್ತರೆ ಅವಳ ಹೆಸರು ಕೆಡುತ್ತದೆ ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. ನಿಮ್ಮ ಊಟ ಆ ಪಾತಿಗಳಲ್ಲಿದೆ ಎಂದು ಯೋಚಿಸಲಿಲ್ಲ. ರೋಗಿಯ ತಟ್ಟೆಯಿಂದ ಅನ್ನ ಎತ್ತಿದ ನರ್ಸನ್ನು ಯಾರೂ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಕೆಂಪು ಗೆರೆ ನೋಡಿದೆ. ಹನ್ನೊಂದು ವರ್ಷದಲ್ಲಿ ನೀವು ನನಗೆ ಹಾಕಿದ ಮೊದಲ ಗುರುತು ಅದು. ಅದನ್ನು ನೋಡಿ, ಅತ್ತೆ, ನನಗೆ ನಾಚಿಕೆಯಾಯಿತು, ಅದಕ್ಕಿಂತ ಮೊದಲು ಅಷ್ಟು ವರ್ಷ ಗುರುತೇ ಇರಲಿಲ್ಲವಲ್ಲ ಎಂದು ಖುಷಿಯೂ ಆಯಿತು. ಎರಡನ್ನೂ ಬೇರೆ ಮಾಡಲು ಬರಲಿಲ್ಲ. ಪಕ್ಕದ ಮಂಚದವಳು ಏನಾಯಿತು ಎಂದು ಕೇಳಿದಳು, ಅತ್ತೆಯ ಕಾಗದ ಬಂದಿದೆ ಎಂದೆ.

ತಂಗೀ, ಇನ್ನು ನಿನಗೆ. ಆರು ತಿಂಗಳ ವಿಷಯ ಬೇಡ ಎಂದು ಮೇಟ್ರನ್‌ಗೆ ಹೇಳಿದ್ದೇನೆ. ಜೂನ್ ಹದಿನೆಂಟಕ್ಕೆ ಬರುತ್ತೇನೆ. ಅಷ್ಟರವರೆಗೆ ಅತ್ತೆ ಹಾಲು ಬ್ರೆಡ್ಡಿನಲ್ಲಿ ಇರಬಾರದು. ಅಡುಗೆಮನೆಯ ಗೂಡಿನಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಬೀಜಗಳಿವೆ. ಕೊಳೆತ ಬುಡಗಳನ್ನು ಕಿತ್ತು, ಮಣ್ಣು ಸಡಿಲಮಾಡಿ, ನಾಳೆಯೇ ಬಿತ್ತು. ಮಧ್ಯಾಹ್ನದ ಬಿಸಿಲಿಗೆ ನಿನ್ನ ಆ ತೆಳು ಬಟ್ಟೆಯನ್ನು ಕೋಲು ನೆಟ್ಟು ಕಟ್ಟು. ಮೂಲಂಗಿ ಮೂರು ವಾರಕ್ಕೆ ಬರುತ್ತದೆ. ಲೆಟ್ಯೂಸ್ ಬೆರಳುದ್ದ ಆದ ಕೂಡಲೇ ಹೊರಗಿನ ಎಲೆ ತೆಗೆಯಬಹುದು. ಈ ಸಲ ಹೇಳಿದ್ದೆಲ್ಲ ನಿಜ. ನಂಬಿಕೆ ಬರದಿದ್ದರೆ ಕುರ್ಚಿಯಲ್ಲಿ ಕೂತವರನ್ನು ಕೇಳು.

ಯಾವ ಪಾತಿ ಎಂದು ಕೇಳಿದೆ. ಎರಡು ದಿನ ಯೋಚಿಸಿದೆ. ಮೊದಲು ಗೋಡೆಯ ಮೂಲೆಯದು ಬರೆದು ಆ ಹಾಳೆ ಹರಿದೆ, ಅಲ್ಲಿ ಏನೂ ಸರಿಯಾಗಿ ಬರುವುದಿಲ್ಲ ಎಂದು ನನಗೆ ಗೊತ್ತು. ಆಮೇಲೆ ನಲ್ಲಿಯ ಹತ್ತಿರದ್ದು ಬರೆದೆ, ಅದನ್ನೂ ಹರಿದೆ. ಅತ್ತೆಯ ಕಿಟಕಿಗೆ ಎದುರಿಗಿರುವುದು ಮೂರನೆಯದು. ಅವರು ಮಂಚದಲ್ಲಿ ಎದ್ದು ಕೂತರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಅವರು ಅಲ್ಲಿಂದ ನೋಡುತ್ತಿದ್ದರು ಎಂದು ಇಷ್ಟು ದಿನ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಿಡಲು ಇಷ್ಟವಿಲ್ಲ.

ಆ ಮೂರನೆಯದನ್ನು ನೀನು ಇಟ್ಟುಕೋ. ಬರೆಯುತ್ತಿರುವಾಗಲೂ ಹೊಟ್ಟೆ ಉರಿಯುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಮನಸ್ಸು ಬದಲಾಗುವ ಮೊದಲು ಕೆಳಗಿಳಿದು ಈ ಕಾಗದವನ್ನು ಡಬ್ಬಿಗೆ ಹಾಕಿ ಬರುತ್ತೇನೆ.

ಅಕ್ಕ